ಅಕ್ಷರಗಳನ್ನೇ ನುಡಿಸಿದ ರೀಡ್ ಮೈಲ್ಸ್

ಮ್ಯೂಸಿಕ್ ಆಲ್ಬಂಗಳಿಗೆ ಕವರ್ ಮಾಡಿದವರಲ್ಲಿ ಯಾರ ಪ್ರಭಾವ ಇವತ್ತಿನ ಡಿಸೈನರ್‌ಗಳ ಮೇಲೆ ಇನ್ನೂ ಗಟ್ಟಿಯಾಗಿ ಉಳಿದಿದೆ, ಅವರಿಂದ ಕಲಿಯುವಂಥದ್ದು ಏನು ಅಂತ ಕೇಳಿದ್ದೀರಿ. ಪೋಸ್ಟರ್, ಕವರ್ ಮಾಡುವುದೇ ನನ್ನ ಕೆಲಸ. ನನ್ನ ಮಟ್ಟಿಗೆ ಆ ಹೆಸರು ರೀಡ್ ಮೈಲ್ಸ್.

ಮೈಲ್ಸ್ 1927ರಲ್ಲಿ ಷಿಕಾಗೋದಲ್ಲಿ ಹುಟ್ಟಿದವರು. 1950ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ನ್ಯೂಯಾರ್ಕಿನ ಬ್ಲೂ ನೋಟ್ ಎಂಬ ಜಾಝ್ ಕಂಪನಿಗೆ ಕವರ್ ಮಾಡಿದರು. ಒಟ್ಟು ಲೆಕ್ಕ 500ರ ಹತ್ತಿರ ಬರುತ್ತದೆ. ಒಂದು ಕವರ್‌ಗೆ 50 ಡಾಲರ್, ಬಳಸಲು ಒಂದೋ ಎರಡೋ ಬಣ್ಣ. ಇದನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಕಂಪನಿ ಚಿಕ್ಕದು, ದುಡ್ಡು ಕಮ್ಮಿ. ಎಲ್ಲ ಬಣ್ಣ ಮೂಡಿಸುವ ನಾಲ್ಕು ಬಣ್ಣದ ಪ್ರಿಂಟಿಂಗ್ ಅವರ ಕೈಗೆ ಎಟುಕುವಂತಿರಲಿಲ್ಲ.

ಬಣ್ಣ ಇಲ್ಲದ ಕಡೆ ಅವರು ಅಕ್ಷರದಿಂದ ಕೆಲಸ ತೆಗೆದರು. ಸ್ಯಾಕ್ಸೊಫೋನ್ ವಾದಕ ಜಾಕಿ ಮೆಕ್ಲೀನ್ ಅವರ 'ಇಟ್ಸ್ ಟೈಮ್!' ಕವರ್ ನೋಡಿ, 1965ರದು. ಹೆಸರಿನ ಕೊನೆಯಲ್ಲಿರುವ ಆಶ್ಚರ್ಯಸೂಚಕ ಚಿಹ್ನೆ ಇದೆಯಲ್ಲ, ಅದನ್ನೇ ಸಾಲುಸಾಲಾಗಿ ಕವರ್ ತುಂಬ ಹರಡಿದ್ದಾರೆ. ವಾದಕನ ಫೋಟೋ ಮೂಲೆಯಲ್ಲಿ ಪುಟ್ಟದಾಗಿ ಕೂತಿದೆ. ಹಾಡು ಶುರುವಾಗುವ ಮೊದಲೇ ಅದರ ಆವೇಗ ಕಣ್ಣಿಗೆ ಬಡಿಯುತ್ತದೆ. ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಜೋ ಹೆಂಡರ್ಸನ್ ಅವರ 'ಇನ್ ಎನ್ ಔಟ್' (1964ರಲ್ಲಿ ರೆಕಾರ್ಡ್ ಆದದ್ದು) ಇನ್ನೂ ಮಜಾ. ಅಲ್ಲಿ ಹೆಸರಿನ ಅಕ್ಷರಗಳೇ ಬಾಣಗಳಾಗಿ ಒಳಗೆ ಹೊರಗೆ ಓಡಾಡುತ್ತವೆ. ಇಂಗ್ಲಿಷಿನ 'ಐ' ಅಕ್ಷರದ ತಲೆಯ ಮೇಲಿನ ಚುಕ್ಕಿಯೊಳಗೆ ಹೆಂಡರ್ಸನ್ ಅವರ ಮುಖ! ವಾದಕನ ಮುಖವನ್ನು ಚುಕ್ಕಿಯಷ್ಟು ಮಾಡೋಣ ಅಂತ ಇವತ್ತು ಕ್ಲೈಂಟ್ ಹತ್ತಿರ ಹೇಳಿ ನೋಡಿ, ಎಷ್ಟು ಧೈರ್ಯ ಬೇಕು ಅಂತ ಗೊತ್ತಾಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಮೈಲ್ಸ್‌ಗೆ ಜಾಝ್ ಹುಚ್ಚು ಇರಲಿಲ್ಲ. ಅವರಿಗೆ ಇಷ್ಟವಾಗಿದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಆಲ್ಬಂ ಹೇಗಿದೆ, ಅದರ ಮೂಡ್ ಏನು ಅಂತ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಆಲ್ಫ್ರೆಡ್ ಲಯನ್ ವಿವರಿಸುತ್ತಿದ್ದರು, ಮೈಲ್ಸ್ ಅದನ್ನು ಕೇಳಿಸಿಕೊಂಡು ಕವರ್ ಮಾಡುತ್ತಿದ್ದರು. ಎಷ್ಟೋ ಜನ ಇದನ್ನು ಕೇಳಿ ಬೇಸರ ಮಾಡಿಕೊಳ್ಳುತ್ತಾರೆ. ನನಗೆ ಇದರಿಂದ ಧೈರ್ಯ ಬರುತ್ತದೆ. ಗೊತ್ತಿಲ್ಲದ ಸಂಗೀತಕ್ಕೆ ಕೆಲಸ ಬಂದಾಗ ನಾನು ಮೊದಲು ಮಾಡುವುದು ಇದನ್ನೇ: ಅದನ್ನು ಮಾಡಿದವರನ್ನು ಕೂರಿಸಿಕೊಂಡು ಮಾತಾಡಿಸುತ್ತೇನೆ. ಅವರು ಯಾವ ಕಡೆ ದನಿ ಏರಿಸುತ್ತಾರೆ, ಯಾವ ಪದವನ್ನು ಮತ್ತೆ ಮತ್ತೆ ಹೇಳುತ್ತಾರೆ ಅಂತ ಗಮನಿಸುತ್ತೇನೆ. ಕವರ್ ಅರ್ಧ ಅಲ್ಲೇ ಸಿಕ್ಕಿರುತ್ತದೆ.

ಫೋಟೋಗಳ ವಿಷಯಕ್ಕೆ ಬಂದರೆ, ಅವು ಹೆಚ್ಚಿನವು ಕಂಪನಿಯ ಇನ್ನೊಬ್ಬ ಪಾಲುದಾರ ಫ್ರಾನ್ಸಿಸ್ ವುಲ್ಫ್ ತೆಗೆದವು. ರೆಕಾರ್ಡಿಂಗ್ ನಡೆಯುವಾಗಲೇ ತೆಗೆದದ್ದು, ಬೆವರು, ಹೊಗೆ ಎಲ್ಲ ಕಾಣುತ್ತದೆ. ಮೈಲ್ಸ್ ಅವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸುತ್ತಿದ್ದರು. ವುಲ್ಫ್‌ಗೆ ಇದು ಅಷ್ಟು ಹಿಡಿಸುತ್ತಿರಲಿಲ್ಲ. ಆ ಬೇಸರ ನ್ಯಾಯವಾದದ್ದೇ, ಯಾಕೆಂದರೆ ಅಷ್ಟು ಒಳ್ಳೆಯ ಫೋಟೋಗಳವು. ಆದರೂ ಪಿಯಾನೋ ವಾದಕ ಸಾನಿ ಕ್ಲಾರ್ಕ್ ಅವರ 'ಕೂಲ್ ಸ್ಟ್ರಟಿನ್' (1958) ನೋಡಿದರೆ ಮೈಲ್ಸ್ ಪರ ವಾಲದೆ ಇರಲು ಆಗುವುದಿಲ್ಲ. ನ್ಯೂಯಾರ್ಕ್ ಬೀದಿ, ಹೈ ಹೀಲ್ಸ್ ಹಾಕಿ ನಡೆಯುತ್ತಿರುವ ಹೆಣ್ಣಿನ ಕಾಲುಗಳು, ಅಷ್ಟೇ. ಮುಖವೇ ಇಲ್ಲ. ಆ ನಡಿಗೆಯ ಲಯವೇ ಸಾಕು ಅನ್ನಿಸಿಬಿಡುತ್ತದೆ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗ: ಇದೆಲ್ಲ ಇವತ್ತು ಎಲ್ಲಿ ಉಳಿದಿದೆ? ನೇರವಾಗಿ ತೋರಿಸಬಹುದಾದ ಉದಾಹರಣೆ ಇಂಗ್ಲೆಂಡಿನ ಗಾಯಕ ಎಲ್ವಿಸ್ ಕಾಸ್ಟೆಲೊ ಅವರ 1981ರ 'ಆಲ್ಮೋಸ್ಟ್ ಬ್ಲೂ'. ಡಿಸೈನರ್ ಬಾರ್ನಿ ಬಬಲ್ಸ್ ಮಾಡಿದ ಆ ಕವರ್, ಜಾಝ್ ಗಿಟಾರ್ ವಾದಕ ಕೆನಿ ಬರೆಲ್ ಅವರ 'ಮಿಡ್‌ನೈಟ್ ಬ್ಲೂ'ಗೆ ಮೈಲ್ಸ್ ಮಾಡಿದ ಕವರ್‌ಗೆ ಸಲ್ಲಿಸಿದ ಗೌರವ. ಆಮೇಲೆ ಇಂಥವು ಬರುತ್ತಲೇ ಇವೆ. ಜಾಝ್ ಕಾರ್ಯಕ್ರಮದ ಪೋಸ್ಟರ್ ಅಂದರೆ ಸಾಕು, ನೀಲಿ ಛಾಯೆಯ ಒಂದು ಫೋಟೋ, ಪಕ್ಕದಲ್ಲಿ ದಪ್ಪ ಅಕ್ಷರ. ಇಂಥ ನಕಲುಗಳು ನನಗೆ ಹಿಡಿಸುವುದಿಲ್ಲ. ಮೈಲ್ಸ್ ಒಂದೆರಡೇ ಬಣ್ಣ ಹಾಕಿದ್ದು ಬೇರೆ ದಾರಿ ಇಲ್ಲದೆ. ಈಗ ಲಕ್ಷಾಂತರ ಬಣ್ಣ ಕೈಯಲ್ಲಿದ್ದೂ ಸುಮ್ನೆ ನೀಲಿ ಬಳಿದರೆ ಅದರಲ್ಲಿ ಯೋಚನೆ ಏನಿದೆ?

ಅವರ ನಿಜವಾದ ಪ್ರಭಾವ ನನಗೆ ಕಾಣುವುದು ಬೇರೆ ಕಡೆ. ಇವತ್ತು ಆಲ್ಬಂ ಕವರ್ ಅಂದರೆ ಫೋನಿನಲ್ಲಿ ಹೆಬ್ಬೆರಳಿನಷ್ಟು ಚೌಕ. ಆ ಅಳತೆಯಲ್ಲಿ ಸಣ್ಣ ವಿವರ ಯಾವುದೂ ಉಳಿಯುವುದಿಲ್ಲ. ಒಂದೇ ಗಟ್ಟಿ ಆಕಾರ, ಒಂದೇ ಐಡಿಯಾ ಇರುವ ಕವರ್ ಮಾತ್ರ ನಿಲ್ಲುತ್ತದೆ. 12 ಇಂಚಿನ ರೆಕಾರ್ಡ್‌ಗೆ ಮಾಡಿದ 'ಇನ್ ಎನ್ ಔಟ್' ಆ ಚೌಕದಲ್ಲೂ ಹಾಗೇ ಓದಿಸಿಕೊಳ್ಳುತ್ತದೆ. ಅಕ್ಷರ ಕುಣಿಸಿ ಅನಿಮೇಷನ್ ಮಾಡುವವರ ಕೆಲಸದಲ್ಲೂ ಇದೇ ಬುದ್ಧಿ ಕಾಣುತ್ತದೆ. ಪದ ತನ್ನ ಅರ್ಥವನ್ನು ತಾನೇ ನಟಿಸಬೇಕು ಅನ್ನುವುದು. ಅವರೆಲ್ಲ ಮೈಲ್ಸ್ ಹೆಸರು ಕೇಳಿರಬೇಕು ಅಂತಿಲ್ಲ. ಪ್ರಭಾವ ಅಂದರೆ ಹಾಗೇ ಅಲ್ವಾ, ಹೆಸರು ಬಿಟ್ಟು ಅಭ್ಯಾಸ ಮಾತ್ರ ಮುಂದಕ್ಕೆ ಹೋಗುತ್ತದೆ.

ನೋಡಲು ಶುರು ಮಾಡುವುದಾದರೆ ಜಾಝ್ ವಾದಕ ಎರಿಕ್ ಡಾಲ್ಫಿ ಅವರ 'ಔಟ್ ಟು ಲಂಚ್!' ತೆಗೆದುಕೊಳ್ಳಿ, 1964. ಇದರ ಫೋಟೋವೂ ಮೈಲ್ಸ್ ಅವರದೇ. ಬಾಗಿಲಲ್ಲಿ ತೂಗುಹಾಕಿದ 'ಮತ್ತೆ ಬರುತ್ತೇವೆ' ಬೋರ್ಡು, ಅದರಲ್ಲೊಂದು ಗಡಿಯಾರ. ಗಡಿಯಾರದ ಮುಳ್ಳುಗಳನ್ನು ಎಣಿಸಿ. ಎರಡಕ್ಕಿಂತ ಜಾಸ್ತಿ ಇವೆ, ಒಂದೊಂದು ಒಂದೊಂದು ದಿಕ್ಕಿಗೆ. ಆಮೇಲೆ ಆಲ್ಬಂ ಹಾಕಿ, ತಾಳ ಹಿಡಿಯಲು ಪ್ರಯತ್ನಪಡಿ. ಆ ಮುಳ್ಳುಗಳು ಯಾಕೆ ಹಾಗಿವೆ ಅಂತ ಯಾರೂ ವಿವರಿಸಬೇಕಾಗಿಲ್ಲ.