ಕಾರು ಪ್ರಶ್ನೋತ್ತರ: ದೊಡ್ಡ ಬ್ರೇಕ್ ಕಿಟ್ ಆಮೇಲೆ, ಮೊದ್ಲು ಬ್ರೇಕ್ ಆಯಿಲ್ ನೋಡಿ

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ ಸರ್. ಪೋಲೋ ಜಿಟಿ ಟಿಎಸ್ಐ ಇದೆ, ದಿನಾ ಆಫೀಸಿಗೂ ಅದೇ ಕಾರು. ಫ್ರೆಂಡ್ಸ್ ಜೊತೆ ಚೆನ್ನೈ ಹತ್ರ ಶ್ರೀಪೆರಂಬದೂರಿನ ಟ್ರ್ಯಾಕಿಗೆ ಹೋಗಿದ್ದೆ. ಮೊದ್ಲು ಎರಡು ಮೂರು ಲ್ಯಾಪ್ ಸೂಪರ್ ಆಗಿತ್ತು, ಆಮೇಲೆ ಪೆಡಲ್ ಮೆತ್ತಗಾಗ್ತಾ ಬಂದು ಕೊನೆಗೆ ತಳಕ್ಕೇ ಹೋಯ್ತು, ಪಿಟ್‌ಗೆ ಬಂದು ನಿಲ್ಲಿಸಿದ್ರೆ ಮುಂದಿನ ಚಕ್ರದಿಂದ ಹೊಗೆ. ಸಂಜೆ ವಾಪಸ್ ಬರೋವಾಗ ಬ್ರೇಕ್ ಸರಿಯಾಗೇ ಇತ್ತು. ಗ್ಯಾರೇಜಿನವರು ದೊಡ್ಡ ಡಿಸ್ಕು, ನಾಲ್ಕು ಪಿಸ್ಟನ್ ಕ್ಯಾಲಿಪರ್ ಇರೋ ಕಿಟ್ ಹಾಕ್ಸಿ ಅಂತಾರೆ, ಲಕ್ಷದ ಮೇಲೆ ಹೇಳ್ತಿದಾರೆ. ಬೇರೆ ದಾರಿ ಇಲ್ವಾ?

ಉತ್ತರ: ದಾರಿ ಇದೆ, ಅದೂ ತುಂಬಾ ಕಮ್ಮಿ ಖರ್ಚಿಂದು. ಆದ್ರೆ ನಿಮ್ಮ ಪತ್ರದಲ್ಲಿ ನನಗೆ ನಿಜವಾಗ್ಲೂ ಭಯ ಆಗಿದ್ದು ಹೊಗೆ ವಿಷಯಕ್ಕಲ್ಲ, 'ಸಂಜೆ ಬ್ರೇಕ್ ಸರಿಯಾಗೇ ಇತ್ತು' ಅನ್ನೋ ಮಾತಿಗೆ. ಪೆಡಲ್ ತಳಕ್ಕೆ ಹೋಗಿದೆ ಅಂದ್ರೆ ಕ್ಯಾಲಿಪರ್ (ಚಕ್ರದ ಜೊತೆ ತಿರುಗೋ ಡಿಸ್ಕಿಗೆ ಪ್ಯಾಡ್ ಒತ್ತಿ ಹಿಡಿಯೋ ಭಾಗ) ಒಳಗಿನ ಬ್ರೇಕ್ ಆಯಿಲ್ ಕುದ್ದು ಆವಿ ಆಗಿದೆ ಅಂತ. ಆಯಿಲನ್ನ ಒತ್ತಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ, ನೀವು ಎಷ್ಟು ತುಳಿದ್ರೂ ಆ ಗುಳ್ಳೆಗಳನ್ನ ಒತ್ತೋದ್ರಲ್ಲೇ ಮುಗಿದೋಗುತ್ತೆ, ಪ್ಯಾಡ್‌ವರೆಗೆ ಬಲ ಹೋಗೋದೇ ಇಲ್ಲ. ತಣ್ಣಗಾದ್ಮೇಲೆ ಆವಿ ಮತ್ತೆ ದ್ರವ ಆಗಿ ಪೆಡಲ್ ಗಟ್ಟಿ ಆಗುತ್ತೆ, ನಾವು ಸರಿ ಹೋಯ್ತು ಅಂದ್ಕೊಂಡು ಮನೇವ್ರನ್ನ ಕೂರಿಸ್ಕೊಂಡು ಹೊರಡ್ತೀವಿ. ಅದೇ ಆಯಿಲ್ ಇನ್ನೂ ಒಳಗೇ ಇದೆ, ಮುಂದಿನ ಸಲ ಇನ್ನೂ ಬೇಗ ಕುದಿಯುತ್ತೆ. ದಯವಿಟ್ಟು ಈ ವಾರಾನೇ ಪೂರ್ತಿ ಆಯಿಲ್ ತೆಗ್ಸಿ ಹೊಸದು ಹಾಕಿಸಿ, ನಾಲ್ಕೂ ಚಕ್ರದ ಬ್ರೇಕ್ ಲೈನಿಂದ ಏರ್ ತೆಗೆಸಿ.

ಈಗ ಲೆಕ್ಕ ನೋಡೋಣ, ಯಾಕಂದ್ರೆ ಬಿಸಿ ಎಲ್ಲಿಂದ ಬರ್ತಿದೆ ಅಂತ ಗೊತ್ತಾದ್ರೆ ದುಡ್ಡು ಎಲ್ಲಿ ಹಾಕ್ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ. ನಿಮ್ಮ ಕಾರು ಸುಮಾರು 1,100 ಕೆಜಿ. ಟ್ರ್ಯಾಕಿನ ಸ್ಟ್ರೈಟ್ ಕೊನೇಲಿ 150 ಕಿಮೀ ವೇಗದಿಂದ 70ಕ್ಕೆ ಇಳಿಸಿದ್ರಿ ಅಂತ ಇಟ್ಕೊಳ್ಳಿ, ಆ ಒಂದೇ ಬ್ರೇಕಿಗೆ ಹತ್ತತ್ರ 750 ಕಿಲೋಜೌಲ್ ಶಾಖ ಹುಟ್ಟುತ್ತೆ. ಎರಡು ಲೀಟರ್ ತಣ್ಣೀರು ಕುದಿಯೋಕೆ ಅಷ್ಟು ಸಾಕು, ಆಗಿರೋದು ನಾಲ್ಕೈದು ಸೆಕೆಂಡಲ್ಲಿ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲೋದ್ರಿಂದ ಅದ್ರಲ್ಲಿ ಮುಕ್ಕಾಲು ಭಾಗದ ಹತ್ರ ಮುಂದಿನ ಎರಡು ಡಿಸ್ಕಿಗೇ ಬೀಳುತ್ತೆ. ಒಂದೊಂದು ಡಿಸ್ಕ್ 6 ಕೆಜಿ ಅಂದ್ಕೊಂಡ್ರೂ ಪ್ರತಿ ಜೋರು ಬ್ರೇಕಿಗೆ ಸುಮಾರು 90 ಡಿಗ್ರಿ ಏರುತ್ತೆ. ಮುಂದಿನ ತಿರುವು ಬರೋದ್ರೊಳಗೆ ಗಾಳಿಗೆ ಅದ್ರಲ್ಲಿ ಒಂದಷ್ಟು ಹೋಗುತ್ತೆ, ಒಂದಷ್ಟು ಉಳಿಯುತ್ತೆ, ಉಳಿದಿದ್ರ ಮೇಲೆ ಮತ್ತೆ 90. ಆ ಟ್ರ್ಯಾಕ್ 3.7 ಕಿಮೀ ಇದೆ, ಒಂದು ಲ್ಯಾಪಲ್ಲೇ ಇಂಥ ಬ್ರೇಕ್ ಹಲವು ಸಲ, ಹಾಗಾಗಿ ಮೂರನೇ ಲ್ಯಾಪ್ ಹೊತ್ತಿಗೆ ಡಿಸ್ಕು 500 ಡಿಗ್ರಿ ಆಸುಪಾಸಿಗೆ ಬಂದ್ರೆ ಆಶ್ಚರ್ಯ ಇಲ್ಲ. ವೇಗ ಎರಡು ಪಟ್ಟಾದ್ರೆ ಶಾಖ ನಾಲ್ಕು ಪಟ್ಟು ಅನ್ನೋದನ್ನ ಮಾತ್ರ ಯಾವತ್ತೂ ಮರೀಬೇಡಿ.

ಈ ಬಿಸಿ ಡಿಸ್ಕಿಂದ ಪ್ಯಾಡಿಗೆ, ಪ್ಯಾಡಿಂದ ಪಿಸ್ಟನ್‌ಗೆ, ಪಿಸ್ಟನ್‌ನಿಂದ ಆಯಿಲ್‌ಗೆ ಹೋಗುತ್ತೆ. ಸಾಮಾನ್ಯ ಡಾಟ್ 4 ಆಯಿಲ್ (ಡಾಟ್ ಅಂದ್ರೆ ಬ್ರೇಕ್ ಆಯಿಲ್‌ನ ದರ್ಜೆ) ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ಆದ್ರೆ ಈ ಆಯಿಲ್ ಗಾಳೀಲಿರೋ ತೇವಾನ ಹೀರ್ಕೊಳ್ತಾ ಇರುತ್ತೆ, ಸುಮಾರು 3.7 ಪರ್ಸೆಂಟ್ ನೀರು ಸೇರಿದ್ರೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತೆ. ಎರಡು ಮೂರು ವರ್ಷದಿಂದ ಬದಲಾಯಿಸದ ಆಯಿಲ್ ಇಟ್ಕೊಂಡು ಟ್ರ್ಯಾಕಿಗೆ ಹೋದ್ರೆ ಆಗೋದೇ ಇದು. ಡಾಟ್ 5.1 ಹಾಕಿದ್ರೆ ಹೊಸದರಲ್ಲಿ 260, ನೀರು ಸೇರಿದ್ಮೇಲೆ 180. ಮೋಟುಲ್ ಆರ್‌ಬಿಎಫ್ 600 ಥರದ ರೇಸಿಂಗ್ ಆಯಿಲ್ ಆದ್ರೆ ಹೊಸದರಲ್ಲಿ 300 ಡಿಗ್ರಿ ದಾಟುತ್ತೆ, ಎರಡು ಬಾಟಲಿ ತಂದ್ರೆ ಸಾಕು, ಬೆಂಗಳೂರಿನ ಜೆಸಿ ರೋಡಲ್ಲಿ ಕೇಳಿ ನೋಡಿ. ನನ್ನ ಮಾತು ಕೇಳೋದಾದ್ರೆ ಇದೇ ನಿಮ್ಮ ಮೊದಲ ಖರ್ಚು. ಒಂದು ಎಚ್ಚರಿಕೆ, ಡಾಟ್ 5 ಅಂತ ಬರೀ ಐದು ಬರೆದಿರೋದು ಸಿಲಿಕೋನ್ ಆಯಿಲ್, ಅದು ಬೇರೆ ಜಾತಿ, ನಿಮ್ಮ ಕಾರಿಗೆ ಬೇಡವೇ ಬೇಡ, 5.1ಕ್ಕೂ ಅದಕ್ಕೂ ಸಂಬಂಧ ಇಲ್ಲ, ಅಂಗಡೀಲಿ ಡಬ್ಬಿ ಓದಿ ತಗೊಳ್ಳಿ.

ಎರಡನೇದು ಪ್ಯಾಡ್. ಪೆಡಲ್ ಗಟ್ಟಿಯಾಗೇ ಇದ್ದು ಕಾರು ಮಾತ್ರ ನಿಲ್ತಿಲ್ಲ ಅಂದ್ರೆ ಅದು ಆಯಿಲ್ ಅಲ್ಲ, ಪ್ಯಾಡ್ ಸೋತಿರೋದು. ರೋಡ್ ಪ್ಯಾಡುಗಳು ಸಾಮಾನ್ಯವಾಗಿ 350, 400 ಡಿಗ್ರಿ ಬರೋವಾಗ ಹಿಡಿತ ಬಿಡ್ತವೆ. ಹಾಗಂತ ಪೂರ್ತಿ ರೇಸ್ ಪ್ಯಾಡ್ ಹಾಕ್ಬೇಡಿ, ಅದು ಬಿಸಿಯಾಗೋವರೆಗೆ ಕಚ್ಚಲ್ಲ, ನೀವು ಅದೇ ಕಾರಲ್ಲಿ ಬೆಳಿಗ್ಗೆ ಹೆದ್ದಾರಿಗೆ ಹೋಗೋರು, ಅಡ್ಡ ಬಂದ ಟಿವಿಎಸ್ ಎಕ್ಸೆಲ್‌ಗೆ ಮೊದಲನೇ ತುಳಿತಕ್ಕೇ ನಿಲ್ಲೋ ಬ್ರೇಕು ಬೇಕು. ರೋಡಿಗೂ ಟ್ರ್ಯಾಕಿಗೂ ಆಗೋ ನಡುವಿನ ಪ್ಯಾಡ್ ಸಿಗ್ತವೆ, ಸ್ವಲ್ಪ ಧೂಳು, ಸ್ವಲ್ಪ ಕೀಚಲು ಸದ್ದು ಇರುತ್ತೆ, ಸಹಿಸ್ಕೊಳ್ಳಿ. ಹೊಸ ಪ್ಯಾಡ್ ಹಾಕಿದ್ಮೇಲೆ ಖಾಲಿ ರೋಡಲ್ಲಿ ಮಧ್ಯಮ ವೇಗದಿಂದ ಹತ್ತು ಸಲ ನಿಲ್ಲಿಸದೆ ನಿಧಾನ ಮಾಡ್ತಾ ಕೂರಿಸ್ಬೇಕು, ಅದನ್ನ ಮಾಡದೆ ನೇರ ಟ್ರ್ಯಾಕಿಗೆ ಹೋದ್ರೆ ಒಳ್ಳೇ ಪ್ಯಾಡೂ ಮೊದಲ ಲ್ಯಾಪಲ್ಲೇ ಕೈ ಕೊಡುತ್ತೆ. ಅರ್ಧಕ್ಕಿಂತ ಹೆಚ್ಚು ಸವೆದಿರೋ ಪ್ಯಾಡಲ್ಲಿ ಟ್ರ್ಯಾಕಿಗೆ ಹೋಗಲೇಬೇಡಿ. ತೆಳು ಪ್ಯಾಡ್ ಬಿಸೀನ ತಡೆಯಲ್ಲ, ಸೀದಾ ಆಯಿಲ್‌ಗೆ ದಾಟಿಸುತ್ತೆ.

ಇನ್ನು ಓಡಿಸೋ ರೀತಿ, ಇದಕ್ಕೆ ದುಡ್ಡೇ ಬೇಡ. ತಿರುವಿಗೆ ಬಹಳ ಮುಂಚೆಯಿಂದ ಸಣ್ಣಗೆ ಬ್ರೇಕ್ ಮೇಲೆ ಕಾಲಿಟ್ಕೊಂಡು ಹೋಗೋದು ಬಿಟ್ಟು, ಒಂದೇ ಸಲ ಗಟ್ಟಿಯಾಗಿ ತುಳಿದು ಬಿಡಿ, ಉಳಿದ ಹೊತ್ತೆಲ್ಲಾ ಡಿಸ್ಕಿಗೆ ಗಾಳಿ ಸಿಗಲಿ. ಎರಡು ಮೂರು ಲ್ಯಾಪ್ ಜೋರಾಗಿ ಹೋದ್ಮೇಲೆ ಒಂದು ಲ್ಯಾಪ್ ನಿಧಾನ. ಪಿಟ್‌ಗೆ ಬರೋ ಮುಂಚೆ ಒಂದು ಪೂರ್ತಿ ಲ್ಯಾಪ್ ಬ್ರೇಕ್ ಹೆಚ್ಚು ಮುಟ್ಟದೆ ಬನ್ನಿ, ಯಾಕಂದ್ರೆ ಕಾರು ನಿಂತ ತಕ್ಷಣ ಗಾಳಿ ನಿಲ್ಲುತ್ತೆ, ಡಿಸ್ಕಿನ ಬಿಸಿಯೆಲ್ಲಾ ಕ್ಯಾಲಿಪರ್ ಒಳಗೆ ಇಳಿಯುತ್ತೆ, ಓಡ್ತಿದ್ದಾಗ ಕುದಿಯದ ಆಯಿಲ್ ನಿಂತ್ಮೇಲೆ ಕುದಿಯೋದೂ ಉಂಟು. ನಿಲ್ಲಿಸಿದ್ಮೇಲೆ ಪೆಡಲ್ ಮೇಲಿಂದ ಕಾಲು ತೆಗೀರಿ, ಹ್ಯಾಂಡ್ ಬ್ರೇಕ್ ಎಳೀಬೇಡಿ, ನಿಮ್ಮದು ಆಟೋಮ್ಯಾಟಿಕ್ ಅಲ್ವಾ, ಗೇರನ್ನ ಪಿಗೆ (ಪಾರ್ಕ್) ಹಾಕಿ ಚಕ್ರಕ್ಕೆ ಒಂದು ಕಲ್ಲು ಕೊಡಿ. ಸ್ಟೆಪ್ನಿ, ಜಾಕಿ, ಡಿಕ್ಕಿ ಸಾಮಾನೆಲ್ಲಾ ಇಳಿಸಿಟ್ಟು ಹೋಗಿ, ಭಾರ ಇಳಿದಷ್ಟೂ ಶಾಖ ಇಳಿಯುತ್ತೆ.

ಇಷ್ಟು ಮಾಡಿಯೂ ಬಿಸಿ ತಡೆಯದಿದ್ರೆ ಗಾಳಿ ಪೈಪ್ ಹಾಕಿ, ಅದರ ಬಗ್ಗೆ ಕೆಳಗೆ ಕೋಲಾರದವರಿಗೆ ಬರೆದಿದೀನಿ. ದೊಡ್ಡ ಕಿಟ್ ಕೆಟ್ಟದಲ್ಲ, ದೊಡ್ಡ ಡಿಸ್ಕ್ ಅಂದ್ರೆ ಬಿಸಿ ಹಿಡಿಯೋಕೆ ಹೆಚ್ಚು ಕಬ್ಬಿಣ, ಆದ್ರೆ ಅದಕ್ಕೂ ಹಳೇ ಆಯಿಲ್ ಹಾಕಿದ್ರೆ ಅದೂ ಕುದಿಯುತ್ತೆ.

ಪ್ರಶ್ನೆ: ಸಾರ್, ಕೋಲಾರದಿಂದ. ನಂದು ಸ್ವಿಫ್ಟು. ಫಾಗ್ ಲ್ಯಾಂಪ್ ತೆಗ್ದು ಆ ತೂತಿಂದ ಬ್ರೇಕಿಗೆ ಗಾಳಿ ಪೈಪ್ ಎಳಿಯಾಣ ಅಂತ ಐತೆ. ನಮ್ಮ ಮೆಕ್ಯಾನಿಕ್ ಪಿವಿಸಿ ಪೈಪ್ ಸಾಕು ಅಂತಾನೆ. ಡಿಸ್ಕ್ ಹಿಂದಿನ ತಗಡು ಬಿಚ್ಚಬೋದಾ? ನೀರು ಸ್ಪ್ರೇ ಮಾಡಿದ್ರೆ ಹೆಂಗೆ?

ಉತ್ತರ: ಫಾಗ್ ಲ್ಯಾಂಪ್ ಜಾಗ ಒಳ್ಳೇ ಜಾಗ, ಬಂಪರ್ ಎದುರಿಗೆ ಗಾಳಿಯ ಒತ್ತಡ ಚೆನ್ನಾಗಿರುತ್ತೆ. ಎರಡೂವರೆಯಿಂದ ಮೂರು ಇಂಚಿನ ಪೈಪ್ ಸಾಕು. ಪಿವಿಸಿ ಮಾತ್ರ ಬೇಡ, ಡಿಸ್ಕ್ ಹತ್ರ ಮೆತ್ತಗಾಗಿ ಟೈರಿಗೆ ಸಿಕ್ಕಾಕೊಳ್ಳುತ್ತೆ. ಬಿಸಿ ತಡೆಯೋ ಸಿಲಿಕೋನ್ ಬಟ್ಟೆಯ ಸುರುಳಿ ಪೈಪ್ ತಗೊಳ್ಳಿ, ಕೊನೇ ತುದಿ ತಗಡಿಂದ ಮಾಡ್ಸಿ.

ಎಲ್ಲಕ್ಕಿಂತ ಮುಖ್ಯ, ಗಾಳಿ ಎಲ್ಲಿಗೆ ಹೊಡೀಬೇಕು ಅನ್ನೋದು. ಬಹಳ ಜನ ಡಿಸ್ಕಿನ ಮುಖಕ್ಕೆ ಬಿಡ್ತಾರೆ, ಆಗ ಒಂದು ಮುಖ ತಣ್ಣಗೆ ಇನ್ನೊಂದು ಮುಖ ಬಿಸಿ ಆಗಿ ಡಿಸ್ಕ್ ಸೊಟ್ಟಗಾಗಬಹುದು, ಸೀಳಬಹುದು. ನಿಮ್ಮ ಮುಂದಿನ ಡಿಸ್ಕ್ ಎರಡು ಪದರದ್ದು, ನಡುವೆ ರೆಕ್ಕೆಗಳಿವೆ, ತಿರುಗೋವಾಗ ಅದು ತಾನೇ ನಡುಮಧ್ಯದಿಂದ ಗಾಳಿ ಎಳ್ಕೊಂಡು ಅಂಚಿಂದ ಹೊರಗೆ ಎಸೆಯುತ್ತೆ, ಆದ್ರಿಂದ ಪೈಪಿನ ಬಾಯಿ ಒಳಬದಿಯಿಂದ ಚಕ್ರದ ನಡುವಿನ ಹಬ್ ಸುತ್ತಲಿನ ಆ ನಡುಭಾಗಕ್ಕೇ ಹತ್ತಿರ ಬರ್ಬೇಕು. ಹಿಂದಿನ ತಗಡು ಪೂರ್ತಿ ಬಿಚ್ಚೋದು ನನಗೆ ಇಷ್ಟ ಇಲ್ಲ. ನಮ್ಮ ಕಡೆ ಕ್ವಾರಿ ಜಲ್ಲಿ ಲಾರಿಗಳು ಓಡೋ ರೋಡುಗಳು, ಕಲ್ಲು ನೀರು ಕೆಸರಿಂದ ಡಿಸ್ಕನ್ನ ಕಾಯ್ತಿರೋದು ಆ ತಗಡೇ, ಅದ್ರಲ್ಲೇ ಒಂದು ತೂತು ಕೊರೆದು ಪೈಪಿನ ಬಾಯಿ ಕೂರಿಸಿ. ಆಮೇಲೆ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಜಾಕಿ ಹಾಕಿ ಚಕ್ರ ಮೇಲೆ ಕೆಳಗೆ ಮಾಡಿ, ಟೈರಿಗಾಗ್ಲಿ ಬ್ರೇಕ್ ಹೋಸಿಗಾಗ್ಲಿ ಎಲ್ಲೂ ತಾಗ್ತಿಲ್ಲ ಅಂತ ನೋಡಿ. ಇದನ್ನ ನೋಡದೆ ಗಾಡಿ ಗ್ಯಾರೇಜಿಂದ ಹೊರಗೆ ತರಲೇಬೇಡಿ. ಬಂಪರ್ ಕತ್ತರಿಸೋಕೆ ಮನಸ್ಸಿಲ್ಲ ಅಂದ್ರೆ ಇನ್ನೊಂದು ಉಪಾಯ, ಪೋರ್ಶೆ 911ರಲ್ಲಿ ಕಂಪನಿಯವರೇ ಚಕ್ರವನ್ನ ಕಾರಿಗೆ ಜೋಡಿಸೋ ಸಸ್ಪೆನ್ಷನ್ ಆರ್ಮ್‌ಗೆ ಒಂದು ಪ್ಲಾಸ್ಟಿಕ್ ರೆಕ್ಕೆ ಕೂರಿಸಿ ಕಾರಿನ ಕೆಳಗಿನ ಗಾಳಿನ ಬ್ರೇಕ್ ಕಡೆ ತಿರುಗಿಸ್ತಾರೆ, ಅದೇ ಥರ ಕೆಳಗಿನ ಆರ್ಮ್‌ಗೆ ತಗಡಿಂದ ಮಾಡಿಸ್ಬಹುದು, ಪೈಪಿನಷ್ಟು ಅಲ್ಲದಿದ್ರೂ ಪ್ರಯೋಜನ ಇದೆ.

ನೀರು ಬೇಡ. ಕೆಂಪಗೆ ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ರೆ ಸೀಳು ಬಿಡುತ್ತೆ.

ಪ್ರಶ್ನೆ: ತುಮಕೂರಿನಿಂದ. ತೂತು ಕೊರೆದಿರೋ ಡಿಸ್ಕ್ ಹಾಕಿದ್ರೆ ಬ್ರೇಕ್ ತಣ್ಣಗಿರುತ್ತಾ? ನೋಡೋಕೂ ಚೆನ್ನಾಗಿರುತ್ತೆ.

ಉತ್ತರ: ಟ್ರ್ಯಾಕಿಗೆ ಬೇಡ. ತೂತು ಕೊರೆದಷ್ಟೂ ಬಿಸಿ ಹಿಡಿಯೋ ಕಬ್ಬಿಣ ಕಮ್ಮಿ ಆಗುತ್ತೆ, ಜೋರು ಬಿಸೀಲಿ ಬಿರುಕು ಶುರುವಾಗೋದೂ ಆ ತೂತುಗಳ ಅಂಚಲ್ಲೇ. ಒಳ್ಳೇ ಕಂಪನಿಯ ಮಾಮೂಲಿ ಡಿಸ್ಕ್ ಸಾಕು, ಬೇಕೇ ಬೇಕು ಅಂದ್ರೆ ಗೀರು ಹಾಕಿರೋದು ತಗೊಳ್ಳಿ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚು ಹಾಕಿರ್ತಾರೆ, ಅದಕ್ಕಿಂತ ಸವೆದಿದ್ರೆ ಮೊದ್ಲು ಅದನ್ನ ಬದಲಾಯಿಸಿ.

ಪ್ರಶ್ನೆ: ಚಿಂತಾಮಣಿಯಿಂದ. ನಂದಿ ಬೆಟ್ಟದಿಂದ ಇಳಿಯೋವಾಗ ಬ್ರೇಕ್ ಸುಟ್ಟ ವಾಸನೆ ಬಂತು, ಕಾರಲ್ಲಿ ಐದು ಜನ ಇದ್ವಿ. ನಾನೇನು ಟ್ರ್ಯಾಕಿಗೆ ಹೋಗೋನಲ್ಲ, ನನಗೂ ಈ ರೇಸಿಂಗ್ ಆಯಿಲ್ ಎಲ್ಲಾ ಬೇಕಾ?

ಉತ್ತರ: ಬೇಡ, ಆದ್ರೆ ಕಾಯಿಲೆ ಒಂದೇ. ನಂದಿ ತುದಿ 1,478 ಮೀಟರ್, ಚಿಕ್ಕಬಳ್ಳಾಪುರ ಊರು ಸುಮಾರು 900, ಐದು ಜನ ತುಂಬಿದ 1,400 ಕೆಜಿ ಗಾಡಿ 500 ಮೀಟರ್ ಇಳಿದ್ರೂ ಹುಟ್ಟೋ ಶಕ್ತಿ ಮೇಲೆ ಹೇಳಿದ ಟ್ರ್ಯಾಕಿನ ಒಂಬತ್ತು ಜೋರು ಬ್ರೇಕಿಗೆ ಸಮ. ಟ್ರ್ಯಾಕಲ್ಲಿ ಗಾಳಿನಾದ್ರೂ ಇರುತ್ತೆ, ಘಾಟ್‌ನಲ್ಲಿ 30ರಲ್ಲಿ ಇಳಿಯೋವಾಗ ಅದೂ ಇಲ್ಲ, ಪೈಪ್ ಹಾಕಿದ್ರೂ ಉಪಯೋಗ ಇಲ್ಲ. ನಿಮಗೆ ಇರೋ ಮದ್ದು ಎಂಜಿನ್. ಇಳಿಜಾರು ಶುರುವಾಗೋ ಮುಂಚೇನೇ ಸೆಕೆಂಡ್ ಗೇರಿಗೆ ಹಾಕಿ, ಆಟೋಮ್ಯಾಟಿಕ್ ಆದ್ರೆ ಮ್ಯಾನುಯಲ್ ಮೋಡ್ ಅಥವಾ ಎಲ್ (ಲೋ ಗೇರ್), ಕಾರನ್ನ ಎಂಜಿನ್ ಹಿಡ್ಕೊಳ್ಳಲಿ, ಬ್ರೇಕ್ ತಿರುವಲ್ಲಿ ಮಾತ್ರ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಇಳಿಯೋರನ್ನ ಕಂಡ್ರೆ ನನಗೆ ಸಂಕಟ ಆಗುತ್ತೆ, ಗೇರಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದ್ರೆ ಇವತ್ತಿನ ಗಾಡಿಗಳು ಪೆಟ್ರೋಲ್ ಕೊಡೋದನ್ನೇ ನಿಲ್ಲಿಸ್ತವೆ, ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಕುಡೀತವೆ. ಇನ್ನು ಎಂಜಿನ್ ಆಫ್ ಮಾಡಿ ಇಳಿದ್ರಂತೂ ಎರಡು ಮೂರು ತುಳಿತಕ್ಕೆ ಕಾಲಿನ ಬಲ ಹೆಚ್ಚಿಸೋ ಬ್ರೇಕ್ ಬೂಸ್ಟರ್ ಖಾಲಿ, ಪೆಡಲ್ ಕಲ್ಲಾಗುತ್ತೆ. ವಾಸನೆ ಬಂದ್ರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ, ಚಕ್ರ ಮುಟ್ಟಬೇಡಿ. ಎರಡು ವರ್ಷಕ್ಕೊಮ್ಮೆ ಮಾಮೂಲಿ ಡಾಟ್ 4 ಬದಲಾಯಿಸ್ತಾ ಇದ್ರೆ ನಿಮಗೆ ಸಾಕು.

ಟ್ರ್ಯಾಕಿಗೆ ಹೋಗೋರಿಗೆ ಇನ್ನೊಂದು ಮಾತು. ನಮ್ಮ ವಾಹನ ವಿಮೆ ಪಾಲಿಸಿಗಳಲ್ಲಿ ರೇಸ್, ಸ್ಪೀಡ್ ಟೆಸ್ಟಿಂಗ್‌ಗೆ ಬಳಸಿದ್ರೆ ಕವರ್ ಇಲ್ಲ ಅಂತ ಬರೆದಿರುತ್ತೆ, ಹೊರಡೋ ಮುಂಚೆ ನಿಮ್ಮ ಪಾಲಿಸಿ ತೆಗೆದು 'ಬಳಕೆಯ ಮಿತಿ' ಅನ್ನೋ ಭಾಗ ಓದ್ಕೊಳ್ಳಿ.