ಔಷಧ ಮಾಹಿತಿ ಕೇಂದ್ರಕ್ಕೆ ಈಗಲೂ ಯಾರಾದರೂ ಫೋನ್ ಮಾಡ್ತಾರಾ?

ಎಲ್ಲಾ ಮೊಬೈಲ್‌ನಲ್ಲೇ ಸಿಗುವಾಗ ಆಸ್ಪತ್ರೆಗೆ ಔಷಧ ಮಾಹಿತಿ ಕೇಂದ್ರ ಯಾಕೆ ಬೇಕು ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರು, ಸಿಸ್ಟರುಗಳು ಔಷಧದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವ ಇದೇ ಕೆಲಸವನ್ನು ಬಹಳ ವರ್ಷದಿಂದ ಮಾಡುತ್ತಿದ್ದೇನೆ. ಫೋನ್ ಕಡಿಮೆಯಾಗಿದೆ, ನಿಜ. ಆದರೆ ಒಂದೊಂದು ಪ್ರಶ್ನೆಗೂ ಈಗ ಜಾಸ್ತಿ ಹೊತ್ತು ಹಿಡಿಯುತ್ತದೆ.

ಮೊದಲೆಲ್ಲ ಈ ಬ್ರ್ಯಾಂಡ್‌ನಲ್ಲಿ ಏನಿದೆ, ಹತ್ತು ಕೆಜಿ ಮಗುವಿಗೆ ಎಷ್ಟು ಎಂಎಲ್ ಅಂತ ಕೇಳುತ್ತಿದ್ದರು. ಔಷಧಗಳ ವಿವರವಿರುವ ಸಿಮ್ಸ್ (CIMS) ಪುಸ್ತಕ ತಿರುವಿ ಹಾಕಿ ಎರಡು ನಿಮಿಷದಲ್ಲಿ ಹೇಳುತ್ತಿದ್ದೆ. ಅದೆಲ್ಲ ಈಗ ಪಿಜಿ ಡಾಕ್ಟರುಗಳ ಜೇಬಿನಲ್ಲೇ ಇದೆ. ಒಳ್ಳೆಯದೇ ಆಯಿತು.

ಈಗ ಐಸಿಯುನಿಂದ ಸಿಸ್ಟರ್ ಫೋನ್ ಮಾಡುತ್ತಾರೆ: "ಪೇಷೆಂಟಿಗೆ ಟ್ಯೂಬ್ ಹಾಕೇವ್ರಿ ಸರ, ಈ ಗುಳಿಗಿ ಪುಡಿ ಮಾಡಿ ಕೊಡಬಹುದೇನ್ರಿ?" ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಎಲ್ ಅಂತ ಇದ್ದರೆ ಪುಡಿ ಮಾಡಲೇಬಾರದು, ದಿನವಿಡೀ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ಮೈಗೆ ಸೇರಿಬಿಡುತ್ತದೆ. ಫಿಟ್ಸ್‌ಗೆ ಕೊಡುವ ಫಿನೈಟೊಯಿನ್ ಕತೆ ಬೇರೆ. ಟ್ಯೂಬಿನಲ್ಲಿ ಹೋಗುವ ಆಹಾರದ ಜೊತೆ ಕೊಟ್ಟರೆ ಅದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಫಿಟ್ಸ್ ನಿಲ್ಲುತ್ತಿಲ್ಲ, ಡೋಸ್ ಎಷ್ಟಕ್ಕೆ ಏರಿಸೋಣ ಅಂತ ಡಾಕ್ಟರು ಕೇಳಿದರೆ ನಾನು ಮೊದಲು ಫೀಡ್ ಯಾವ ಯಾವ ಹೊತ್ತಿಗೆ ಕೊಡುತ್ತಿದ್ದೀರಿ ಅಂತ ಕೇಳುತ್ತೇನೆ. ಆಮೇಲೆ ತೂಕ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್, ರಕ್ತದಲ್ಲಿನ ಪ್ರೋಟೀನ್ ಆದ ಆಲ್ಬುಮಿನ್, ಬೇರೆ ಯಾವ ಇಂಜೆಕ್ಷನ್ ಹೋಗುತ್ತಿದೆ. ಡೋಸ್ ಎಷ್ಟು ಅಂತ ಹುಡುಕಿದವರಿಗೆ ಮೊಬೈಲ್ ಇದನ್ನೆಲ್ಲ ಕೇಳುವುದಿಲ್ಲ ಅಲ್ವಾ?

ಇನ್ನೊಂದು ಬದಲಾವಣೆ, ರೋಗಿಗಳೇ ನಮ್ಮ ಬಾಗಿಲಿಗೆ ಬರುತ್ತಿದ್ದಾರೆ. ಶಿಗ್ಗಾವಿ ಕಡೆಯ ಒಬ್ಬ ಅಜ್ಜ ಬೆವರು, ಕೈ ನಡುಕ ಅಂತ ಬಂದಿದ್ದರು. ಚೀಲದಲ್ಲಿ ಎರಡು ಸ್ಟ್ರಿಪ್. ಒಂದು ಮೆಡಿಕಲ್ ಶಾಪಿನದು, ಒಂದು ಜನೌಷಧಿಯದು. ಹೆಸರು, ಬಣ್ಣ ಬೇರೆ, ಒಳಗಿದ್ದದ್ದು ಒಂದೇ, ಶುಗರ್ ಇಳಿಸುವ ಗ್ಲಿಮೆಪಿರೈಡ್. ಎರಡನ್ನೂ ನುಂಗಿ ಶುಗರ್ ತೀರಾ ಇಳಿದಿತ್ತು. ಜನೌಷಧಿ ಗುಳಿಗೆಯ ತಪ್ಪೇನಿಲ್ಲ, ಹಳೆಯದನ್ನು ಬಿಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಆವತ್ತಿನಿಂದ ಯಾರೇ ಬಂದರೂ ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್ ತನ್ನಿ ಅನ್ನುತ್ತೇನೆ.

ಔಷಧದಿಂದ ತುರಿಕೆ, ಊತ, ಇನ್ನೇನಾದರೂ ಆದರೆ ವರದಿ ಮಾಡುವ ಕೆಲಸವೂ ಇದೆ. ಇಂಥ ವರದಿ ಸಂಗ್ರಹಿಸುವ ಕೇಂದ್ರ ಸರ್ಕಾರದ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. 1800-180-3024ಕ್ಕೆ ರೋಗಿಗಳೂ ಫೋನ್ ಮಾಡಬಹುದು, ಕರೆಗೆ ದುಡ್ಡು ಬೀಳುವುದಿಲ್ಲ.

ಬೇಸರದ ಮಾತೆಂದರೆ, ಆಡಳಿತದವರು ಬಂದ ಫೋನ್ ಎಷ್ಟು ಅಂತ ಮಾತ್ರ ಲೆಕ್ಕ ಕೇಳುತ್ತಾರೆ. ಒಂದೇ ಪ್ರಶ್ನೆಗೆ ಅರ್ಧ ದಿನ ಹೋದದ್ದು ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ರಿಜಿಸ್ಟರಿನಲ್ಲಿ ಒಂದು ಕಾಲಂ ಹೊಸದಾಗಿ ಹಾಕಿದ್ದೇನೆ: ನಮ್ಮ ಉತ್ತರ ಹೋದ ಮೇಲೆ ಔಷಧವೋ ಡೋಸೋ ಬದಲಾಯಿತಾ, ಇಲ್ವಾ.