ಈಜು ನಿಮ್ಮ ಪ್ರಶ್ನೆ: 50 ಮೀಟರ್‌ನಲ್ಲಿ ಹಿಂದೆ ಬಿದ್ದ ಹುಡುಗಿ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 12 ವರ್ಷ. ಎರಡು ವರ್ಷದಿಂದ ಈಜು ಕಲಿಯುತ್ತಿದ್ದಾಳೆ. 50 ಮೀಟರ್ ಸ್ಪರ್ಧೆಯಲ್ಲಿ ಯಾವಾಗಲೂ ಕೊನೆ. ಆದರೆ ಸುಮ್ನೆ ಬಿಟ್ಟರೆ ಮುಕ್ಕಾಲು ಗಂಟೆ ನಿಲ್ಲದೆ ಈಜುತ್ತಾಳೆ. ‘ಸ್ಪೀಡ್ ಇಲ್ಲ, ಬಿಡಿಸಿಬಿಡಿ’ ಅನ್ನುತ್ತಾರೆ ಕಲಿಸುವವರು. ಏನು ಮಾಡಲಿ?
– ಒಬ್ಬ ತಾಯಿ, ಶಹಾಪುರ

ಉತ್ತರ: ಬಿಡಿಸಬೇಡಿ ಅಕ್ಕಾ. ನಿಮ್ಮ ಪತ್ರ ಮೂರು ಸಲ ಓದಿದೆ. ಇದು ನನ್ನದೇ ಕಥೆ.

ಜೇವರ್ಗಿ ಹತ್ತಿರ ಅಜ್ಜನ ಹೊಲದಲ್ಲಿ ಮೆಟ್ಟಿಲ ಬಾವಿ ಇತ್ತು. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಅಜ್ಜ ನನ್ನನ್ನು ನೀರಿಗೆ ಬಿಡುತ್ತಿದ್ದ. ಮೇ ತಿಂಗಳ ನಮ್ಮ ಬಿಸಿಲು ಗೊತ್ತಲ್ವಾ, ಇಡೀ ಮಧ್ಯಾಹ್ನ ಬಾವಿಯಲ್ಲೇ. ಅಣ್ಣಂದಿರು ಮೇಲಿಂದ ಜಿಗಿದು, ಎರಡು ಸುತ್ತು ಹೊಡೆದು ಮೆಟ್ಟಿಲ ಮೇಲೆ ಕೂತುಬಿಡೋರು. ಡಬ್ಬಿ ಬಿಚ್ಚಿದ ಮೇಲೆ ನಾನು ಗೋಡೆ ಮುಟ್ಟದೆ ಸುತ್ತುತ್ತಲೇ ಇರುತ್ತಿದ್ದೆ. ಸುತ್ತಿಗೊಂದು ಜೋಳದ ಕಾಳು ತೆಗೆದು ಅಜ್ಜ ಮೆಟ್ಟಿಲ ಮೇಲೆ ಇಡುತ್ತಿದ್ದ. ಒಂದು ದಿನ 110 ಕಾಳು ಆದವು. ಆಮೇಲೆ ಮುಷ್ಟಿಯಲ್ಲಿ ಕಾಳು ಮುಗಿಯಿತು, ನನ್ನ ಈಜು ಮುಗಿಯಲಿಲ್ಲ.

ಪೂಲಿಗೆ ಬಂದಾಗ 50 ಮೀಟರ್‌ನಲ್ಲಿ ನಾನೂ ಕೊನೆಯವಳೇ. ಮೊದಲ 800 ಮೀಟರ್ ಸ್ಪರ್ಧೆಯಲ್ಲಿ ಜಿದ್ದಿಗೆ ಬಿದ್ದು ಎರಡು ಲೆಂತ್ (ಪೂಲಿನ ಈ ತುದಿಯಿಂದ ಆ ತುದಿಗೆ 50 ಮೀಟರ್, ಅದು ಒಂದು ಲೆಂತ್) ಜೋರಾಗಿ ಹೊಡೆದೆ. ಇರುವುದು 16 ಲೆಂತ್. ಒಂಬತ್ತನೆಯದಕ್ಕೆ ತೋಳು ಕಲ್ಲಾದವು. ಮುಂದಿನ ವರ್ಷ ನಿಧಾನಕ್ಕೆ ಹೊರಟೆ, ಪ್ರತಿ ಲೆಂತಿಗೂ ಒಂದೇ ಸಮಯ. ಕೊನೆಯ ನಾಲ್ಕು ಲೆಂತಿನಲ್ಲಿ ಐದು ಜನರನ್ನು ಹಿಂದೆ ಹಾಕಿದೆ.

ಮಗಳಿಗೆ 400 ಮೀಟರ್ ಈಜಲು ಹೇಳಿ, ಪ್ರತಿ 100ಕ್ಕೂ ಟೈಮ್ ಬರೆದಿಡಿ. ಕೊನೆಯ 100 ಮೊದಲ 100ರ ಹತ್ತಿರವೇ ಇದ್ದರೆ ಅವಳು ದೂರದ ಈಜುಗಾರ್ತಿ. ಆ ಚೀಟಿ ತೋರಿಸಿ, 400 ಮತ್ತು 800ಕ್ಕೆ ಹೆಸರು ಕೊಡಿ ಅಂತ ಕೇಳಿ. ಭುಜ ನೋಯುತ್ತಿದೆ ಅಂದರೆ ಮಾತ್ರ ಅವತ್ತೇ ನಿಲ್ಲಿಸಿ. ಅಮೆರಿಕದ ಕೇಟಿ ಲೆಡೆಕಿ 2012ರಲ್ಲಿ 15ನೇ ವಯಸ್ಸಿಗೆ ಒಲಿಂಪಿಕ್ಸ್ 800 ಮೀಟರ್ ಗೆದ್ದಳು, 2024ರವರೆಗೆ ಸತತ ನಾಲ್ಕು ಸಲ. ಗಂಡಸರಿಗೆ 1908ರಿಂದ ಇದ್ದ 1500 ಮೀಟರ್ ಹೆಂಗಸರಿಗೆ ಸಿಕ್ಕಿದ್ದು ಟೋಕಿಯೊದಲ್ಲಿ, 2021ಕ್ಕೆ! ನಮ್ಮ ಕಾಲದ ಹುಡುಗಿಯರಿಗೆ ಆ ದಾರಿ ಇರಲಿಲ್ಲ. ನಿಮ್ಮ ಮಗಳಿಗೆ ಇದೆ.

ಪ್ರಶ್ನೆ: ಭೀಮಾ ಹೊಳೆಯಲ್ಲಿ ಈಸು ಕಲಿತವನು ನಾನು. ಇಂಗ್ಲೆಂಡ್, ಫ್ರಾನ್ಸ್ ನಡುವಿನ ಸಮುದ್ರ ಇಂಗ್ಲಿಷ್ ಚಾನೆಲ್ ದಾಟುವ ಆಸೆ. ಹೊಳೆಯಲ್ಲೇ ಅಭ್ಯಾಸ ಮಾಡಿದರೆ ಸಾಕಾ?
– ವಿದ್ಯಾರ್ಥಿ, ಯಾದಗಿರಿ

ಉತ್ತರ: ಆಸೆ ಬಿಡಬೇಡ ತಮ್ಮಾ. ಆದರೆ ಒಬ್ಬನೇ ಹೊಳೆಗೆ ಇಳಿಯಬೇಡ, ಮರಳು ತೆಗೆದ ಗುಂಡಿ ಮೇಲಿಂದ ಕಾಣೋದಿಲ್ಲ. ಚಾನೆಲ್ ನೇರ ಲೆಕ್ಕಕ್ಕೆ ಸುಮಾರು 33 ಕಿಲೋಮೀಟರ್. ಸೆಳೆತ ಪಕ್ಕಕ್ಕೆ ತಳ್ಳುವುದರಿಂದ ಈಜುವುದು ಅದಕ್ಕಿಂತ ಜಾಸ್ತಿ. ಬೇಸಿಗೆಯಲ್ಲೂ ನೀರು 15ರಿಂದ 18 ಡಿಗ್ರಿ. ಬೆಚ್ಚನೆಯ ಸೂಟ್ ಹಾಕುವಂತಿಲ್ಲ, ದೋಣಿ ಮುಟ್ಟುವಂತಿಲ್ಲ. ನಮ್ಮ ಕಡೆಯವರಿಗೆ ದೂರಕ್ಕಿಂತ ಆ ಚಳಿಯೇ ಕಷ್ಟ.

ಕೋಲ್ಕತ್ತದ ಆರತಿ ಸಾಹಾ 1959ರ ಆಗಸ್ಟ್‌ನಲ್ಲಿ ಪ್ರಯತ್ನಿಸಿದಾಗ ದೋಣಿ ತಡವಾಗಿ ಬಂದು ಅನುಕೂಲದ ಹೊತ್ತು ತಪ್ಪಿತು. ದಡ ಹತ್ತಿರವಿದ್ದಾಗ ಎದುರು ಸೆಳೆತ ಸಿಕ್ಕಿ ನಿಲ್ಲಿಸಬೇಕಾಯಿತು. ಒಂದು ತಿಂಗಳ ನಂತರ ಮತ್ತೆ ಇಳಿದಳು, 16 ಗಂಟೆ 20 ನಿಮಿಷದಲ್ಲಿ ದಾಟಿದಳು. ಆಗ ಅವಳಿಗೆ 19 ವರ್ಷ.

ನೀನು ಮೊದಲು ಪೂಲಿನಲ್ಲಿ 30 ಲೆಂತ್, ಅಂದರೆ 1500 ಮೀಟರ್, ನಿಲ್ಲದೆ ಮಾಡು. ಎಷ್ಟು ಹೊತ್ತು ಹಿಡಿಯಿತು ಅಂತ ನನಗೆ ಬರೆದು ಕಳಿಸು.